ರಿಮೋಟ್ ಟಾರ್ಗೆಟ್‌ಗೆ ಜಿಡಿಬಿ ಕನೆಕ್ಟ್ ಮಾಡೋಕೆ ಯಾವ ದಾರಿ ಹಿಡೀಬೇಕು?

ರಿಮೋಟ್ ಡಿಬಗ್ಗಿಂಗ್ (ಬೇರೆ ಮಷೀನ್‌ನಲ್ಲೋ ಬೋರ್ಡ್‌ನಲ್ಲೋ, ಅಂದ್ರೆ ಟಾರ್ಗೆಟ್‌ನಲ್ಲಿ, ಓಡೋ ಪ್ರೋಗ್ರಾಂನ ತಪ್ಪನ್ನ ನಮ್ಮ ಲ್ಯಾಪ್‌ಟಾಪ್‌ನ ಜಿಡಿಬಿ ಅನ್ನೋ ಡಿಬಗರ್‌ನಿಂದ ಹುಡ್ಕೋದು) ಅಂದ ತಕ್ಷಣ ಎಲ್ರೂ ಮೊದ್ಲು ಹುಡ್ಕೋದು ಕಮಾಂಡ್. ಎಲ್ಲೋ ಸಿಕ್ಕಿದ ಎರಡು ಲೈನ್ ಕಾಪಿ ಮಾಡಿ ಐಪಿ ಅಡ್ರೆಸ್ ಬದಲಾಯಿಸಿ ಕನೆಕ್ಟ್ ಆದ್ರೆ ಸಾಕು ಅನ್ಕೊಳ್ತಾರೆ, ಆಮೇಲೆ ರನ್ ಅಂದ್ರೆ ಎರರ್ ಬರತ್ತೆ, ಇಲ್ಲಾ ಕ್ವಿಟ್ ಹೊಡೆದಾಗ ಟಾರ್ಗೆಟ್‌ನಲ್ಲಿ ಓಡ್ತಿದ್ದ ಪ್ರೋಗ್ರಾಮೇ ಸತ್ತೋಗಿರತ್ತೆ, ಇಲ್ಲಾ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನ ಕರೀತು ಅನ್ನೋ ಪಟ್ಟಿ) ಪೂರ್ತಿ ಪ್ರಶ್ನಾರ್ಥಕ ಚಿಹ್ನೆ. ಇದ್ರಲ್ಲಿ ಮುಕ್ಕಾಲು ಪಾಲು ತೊಂದ್ರೆ ಕಮಾಂಡ್ ತಪ್ಪಿದ್ದಕ್ಕಲ್ಲ, ಕೆಲಸಕ್ಕೆ ಹೊಂದದ ದಾರಿ ಆರಿಸಿಕೊಂಡಿದ್ದಕ್ಕೆ ಬರೋದು.

ಆರಿಸೋಕೆ ಮುಂಚೆ ಎರಡು ಪ್ರಶ್ನೆ ಕೇಳ್ಕೊಳ್ಳಿ. ಪ್ರೋಗ್ರಾಂನ ಸ್ಟಾರ್ಟ್ ಮಾಡೋರು ಯಾರು, ನೀವಾ ಅಥವಾ ಅದು ಆಗಲೇ ಓಡ್ತಾ ಇದೆಯಾ? ಎರಡನೇದು, ನೀವು ಡಿಬಗರ್ ಮುಚ್ಚಿ ಎದ್ದು ಹೋದ್ಮೇಲೆ ಆ ಪ್ರೋಗ್ರಾಂ ಬದುಕಿರಬೇಕಾ ಬೇಡ್ವಾ? ಈ ಎರಡಕ್ಕೆ ಉತ್ತರ ಸಿಕ್ಕಿದ್ರೆ ಮೋಡ್ ಯಾವುದು ಅಂತ ತಾನಾಗೇ ಗೊತ್ತಾಗತ್ತೆ. ಟಿಸಿಪಿನಾ ಸೀರಿಯಲ್ಲಾ ಎಸ್‌ಎಸ್‌ಎಚ್ಚಾ ಅನ್ನೋದೆಲ್ಲ ಅದಾದ್ಮೇಲಿನ ಮಾತು, ಆದ್ರೆ ಜನ ಮೊದ್ಲು ಅದನ್ನೇ ತಲೆಗೆ ಹಚ್ಕೊಂಡು ಕೂರ್ತಾರೆ.

ಹೊಸಬರಿಗೆ ಒಳಗೆ ಏನು ನಡೆಯತ್ತೆ ಅಂತ ಸ್ವಲ್ಪ ಹೇಳ್ತೀನಿ, ಇದು ಗೊತ್ತಿದ್ರೆ ಮುಂದಿಂದೆಲ್ಲ ಸುಲಭ. ಜಿಡಿಬಿ 1986ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಶುರು ಮಾಡಿದ್ದು. ರಿಮೋಟ್ ಕೆಲಸದಲ್ಲಿ ಅದು ಎರಡು ಭಾಗ ಆಗತ್ತೆ, ನಿಮ್ಮ ಲ್ಯಾಪ್‌ಟಾಪಲ್ಲಿ ಪೂರ್ತಿ ಜಿಡಿಬಿ, ಟಾರ್ಗೆಟ್ ಕಡೆ ಒಂದು ಚಿಕ್ಕ ಸ್ಟಬ್. ಸಿಂಬಲ್ (ಫಂಕ್ಷನ್, ವೇರಿಯೇಬಲ್‌ಗಳ ಹೆಸರು ಮತ್ತೆ ಅಡ್ರೆಸ್), ಸೋರ್ಸ್, ಲೈನ್ ನಂಬರ್ ಎಲ್ಲ ಲ್ಯಾಪ್‌ಟಾಪ್ ಕಡೆನೇ ಇರತ್ತೆ, ಸ್ಟಬ್‌ಗೆ ಅದ್ಯಾವುದೂ ಗೊತ್ತಿಲ್ಲ, ಅದಕ್ಕೆ ಗೊತ್ತಿರೋದು ರಿಜಿಸ್ಟರ್ ಓದು, ಈ ಅಡ್ರೆಸ್‌ನಿಂದ ಇಷ್ಟು ಬೈಟ್ ಕೊಡು, ಒಂದು ಸ್ಟೆಪ್ ಹಾಕು, ಓಡು, ಇಷ್ಟೇ. ಇಬ್ಬರ ನಡುವೆ ಹೋಗೋದು ಕಣ್ಣಲ್ಲೇ ಓದಬಹುದಾದ ಪ್ಯಾಕೆಟ್: ಮೊದ್ಲು ಡಾಲರ್ ಚಿಹ್ನೆ, ಆಮೇಲೆ ವಿಷಯ, ಆಮೇಲೆ ಹ್ಯಾಶ್, ಕೊನೇಲಿ ಎರಡು ಹೆಕ್ಸ್ ಅಂಕಿಯ ಚೆಕ್‌ಸಮ್. ಎಲ್ಲಾ ರಿಜಿಸ್ಟರ್ ಕೊಡು ಅನ್ನೋಕೆ ಚಿಕ್ಕಕ್ಷರದ ಜಿ ಒಂದೇ ಸಾಕು, ಅದರ ಚೆಕ್‌ಸಮ್ 67. ಸೆಟ್ ಡಿಬಗ್ ರಿಮೋಟ್ 1 ಅಂತ ಕೊಟ್ರೆ ಇದೆಲ್ಲ ಪರದೆ ಮೇಲೆ ಹರಿಯತ್ತೆ, ಕನೆಕ್ಷನ್ ಎಲ್ಲಿ ಸಿಕ್ಕಾಕೊಂಡಿದೆ ಅಂತ ನೋಡೋಕೆ ಇದಕ್ಕಿಂತ ಒಳ್ಳೇ ಉಪಾಯ ನಂಗಂತೂ ಸಿಕ್ಕಿಲ್ಲ. ಜಿಡಿಬಿ ಸರ್ವರ್ (ಲಿನಕ್ಸ್ ಬೋರ್ಡ್ ಮೇಲೆ ಸ್ಟಬ್ ಆಗಿ ಓಡೋ ಪ್ರೋಗ್ರಾಂ), ಓಪನ್‌ಒಸಿಡಿ (ಮೈಕ್ರೋಕಂಟ್ರೋಲರ್‌ಗೆ), ಕ್ಯುಎಮು (ಎಮ್ಯುಲೇಟರ್), ಕರ್ನಲ್ ಒಳಗಿನ ಕೆಜಿಡಿಬಿ, ಎಲ್ಲವೂ ಇದೇ ಭಾಷೆ ಆಡೋದ್ರಿಂದ ಒಂದು ಕಲಿತ್ರೆ ಉಳಿದದ್ದು ಅರ್ಧ ಕಲಿತ ಹಾಗೆ.

ರಿಮೋಟ್ ನಿಜವಾಗ್ಲೂ ಬೇಕಾ

ಇದನ್ನ ಮೊದ್ಲು ಹೇಳಿಬಿಡ್ತೀನಿ. ಟಾರ್ಗೆಟ್ ಅಂದ್ರೆ ಒಂದು ಕ್ಲೌಡ್ ಸರ್ವರ್ರೋ, 4 ಜಿಬಿ ರ್‍ಯಾಮ್ ಇರೋ ರಾಸ್ಪ್‌ಬೆರಿ ಪೈಯೋ ಆಗಿದ್ರೆ, ಅದ್ರಲ್ಲೇ ಜಿಡಿಬಿ ಇನ್‌ಸ್ಟಾಲ್ ಮಾಡಿ ಎಸ್‌ಎಸ್‌ಎಚ್‌ನಲ್ಲಿ ಒಳಗೆ ಹೋಗಿ ಟಿಮಕ್ಸ್ ಒಳಗೆ ಡಿಬಗ್ ಮಾಡಿ ಮುಗಿಸಿ. ಆರ್ಕಿಟೆಕ್ಚರ್ ಹೊಂದತ್ತಾ, ಲೈಬ್ರರಿ ಹೊಂದತ್ತಾ ಅನ್ನೋ ತಲೆನೋವೇ ಇಲ್ಲ, ನೆಟ್ ಕಟ್ ಆದ್ರೂ ಟಿಮಕ್ಸ್‌ನಲ್ಲಿ ಸೆಷನ್ ಹಾಗೇ ಇರತ್ತೆ. ರಿಮೋಟ್ ಬೇಕಾಗೋದು ಯಾವಾಗ ಅಂದ್ರೆ ಟಾರ್ಗೆಟ್‌ನ ಫ್ಲ್ಯಾಶ್‌ನಲ್ಲಿ ಡಿಬಗ್ ಇನ್ಫೋ ಹಿಡಿಯೋಷ್ಟು ಜಾಗ ಇಲ್ಲ, ರ್‍ಯಾಮ್ ಕಮ್ಮಿ (ದೊಡ್ಡ ಸಿ ಪ್ಲಸ್ ಪ್ಲಸ್ ಪ್ರೋಗ್ರಾಂನ ಸಿಂಬಲ್ ಲೋಡ್ ಮಾಡೋಕೆ ಜಿಡಿಬಿಗೇ ನೂರಾರು ಎಂಬಿ ಬೇಕಾಗಬಹುದು), ಸೋರ್ಸ್ ಕೋಡ್ ಆ ಮಷೀನ್‌ಗೆ ಹಾಕೋ ಹಾಗಿಲ್ಲ, ಅಥವಾ ಅದ್ರಲ್ಲಿ ಆಪರೇಟಿಂಗ್ ಸಿಸ್ಟಮ್ಮೇ ಇಲ್ಲ. ಇದ್ಯಾವುದೂ ಅಲ್ಲ ಅಂದ್ರೆ ಮುಂದಕ್ಕೆ ಓದೋದೂ ಬೇಡ, ಕೆಲಸ ಮುಗಿಸ್ಕೊಳ್ಳಿ.

ಟಾರ್ಗೆಟ್ ರಿಮೋಟಾ, ಎಕ್ಸ್‌ಟೆಂಡೆಡ್ ರಿಮೋಟಾ

ನಿಜವಾದ ಆಯ್ಕೆ ಇರೋದು ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಸಾದಾ ಟಾರ್ಗೆಟ್ ರಿಮೋಟ್ ಅಂದ್ರೆ ಒಂದು ಪ್ರೋಗ್ರಾಂ, ಒಂದು ಸೆಷನ್. ಬೋರ್ಡ್ ಮೇಲೆ ಜಿಡಿಬಿ ಸರ್ವರ್‌ಗೆ ಪೋರ್ಟ್ ನಂಬರ್ ಮತ್ತೆ ಪ್ರೋಗ್ರಾಂ ಹೆಸರು ಕೊಟ್ಟು ಸ್ಟಾರ್ಟ್ ಮಾಡ್ತೀರಿ, ಅದು ಪ್ರೋಗ್ರಾಂನ ಹುಟ್ಟಿಸಿ ಮೊದಲನೇ ಇನ್‌ಸ್ಟ್ರಕ್ಷನ್‌ನಲ್ಲೇ ನಿಲ್ಲಿಸಿ, ಪ್ರಾಸೆಸ್ ಕ್ರಿಯೇಟೆಡ್, ಪಿಐಡಿ (ಪ್ರಾಸೆಸ್ ನಂಬರ್) ಇಷ್ಟು, ಲಿಸನಿಂಗ್ ಆನ್ ಪೋರ್ಟ್ 2345 ಅಂತ ಹೇಳಿ ಕಾಯ್ತಾ ಕೂರತ್ತೆ. ಲ್ಯಾಪ್‌ಟಾಪ್‌ನಲ್ಲಿ ಜಿಡಿಬಿಗೆ ಸ್ಟ್ರಿಪ್ ಮಾಡದೇ ಇರೋ (ಅಂದ್ರೆ ಸಿಂಬಲ್, ಡಿಬಗ್ ಇನ್ಫೋ ಕಿತ್ತು ಹಾಕದ) ಅದೇ ಬೈನರಿ ಕೊಟ್ಟು ಟಾರ್ಗೆಟ್ ರಿಮೋಟ್ 192.168.1.20:2345 ಅಂತೀರಿ. ಕನೆಕ್ಟ್ ಆದಾಗ ನೀವು ಮೇನ್‌ನಲ್ಲಿ ಇರಲ್ಲ, ಡೈನಮಿಕ್ ಲಿಂಕರ್‌ನ ಸ್ಟಾರ್ಟ್‌ನಲ್ಲಿ ಇರ್ತೀರಿ, ಅದು ಸರಿನೇ, ಗಾಬರಿ ಬೇಡ. ಬ್ರೇಕ್ ಮೇನ್ ಹಾಕಿ ಕಂಟಿನ್ಯೂ ಕೊಡಿ. ಅಭ್ಯಾಸದ ಮೇಲೆ ರನ್ ಹೊಡೆದ್ರೆ ರಿಮೋಟ್ ಟಾರ್ಗೆಟ್ ರನ್‌ನ ಸಪೋರ್ಟ್ ಮಾಡಲ್ಲ, ಕಂಟಿನ್ಯೂ ಟ್ರೈ ಮಾಡಿ ಅಂತ ಜಿಡಿಬಿನೇ ಹೇಳತ್ತೆ, ಯಾಕಂದ್ರೆ ಪ್ರೋಗ್ರಾಂ ಆಗಲೇ ಹುಟ್ಟಿಯಾಗಿದೆ, ಇನ್ನೊಂದ್ಸಲ ಹುಟ್ಟಿಸೋ ಅಧಿಕಾರ ಈ ಮೋಡ್‌ಗೆ ಇಲ್ಲ.

ಪ್ರೋಗ್ರಾಂ ಮುಗೀತಾ, ಜಿಡಿಬಿ ಸರ್ವರ್ ಕೂಡ ಮುಗೀತು. ಡಿಟ್ಯಾಚ್ ಮಾಡಿದ್ರಾ (ಅಂದ್ರೆ ಡಿಬಗರ್ ಪ್ರೋಗ್ರಾಂನ ಕೈಬಿಡ್ತಾ), ಪ್ರೋಗ್ರಾಂ ತನ್ನ ಪಾಡಿಗೆ ಓಡತ್ತೆ ಆದ್ರೆ ಜಿಡಿಬಿ ಸರ್ವರ್ ಎದ್ದು ಹೋಗತ್ತೆ. ಇನ್ನೊಂದು ಸಲ ನೋಡ್ಬೇಕಂದ್ರೆ ಮತ್ತೆ ಬೋರ್ಡ್ ಕಡೆ ಹೋಗಿ ಸ್ಟಾರ್ಟ್ ಮಾಡ್ಬೇಕು. ಬಗ್ ಒಂದೇ ಏಟಿಗೆ ಸಿಗೋ ಹಾಗಿದ್ರೆ, ಅಂದ್ರೆ ಪ್ರತೀ ಸಲ ಅದೇ ಜಾಗದಲ್ಲಿ ಸೆಗ್‌ಫಾಲ್ಟ್ ಆಗೋ ಥರದ್ದಾದ್ರೆ, ಇದೇ ಸಾಕು, ಇದೇ ಸರಳ.

ಎಕ್ಸ್‌ಟೆಂಡೆಡ್ ರಿಮೋಟ್‌ನಲ್ಲಿ ಕನೆಕ್ಷನ್‌ಗೂ ಪ್ರೋಗ್ರಾಂಗೂ ಗಂಟು ಹಾಕಿಲ್ಲ. ಬೋರ್ಡ್ ಮೇಲೆ ಜಿಡಿಬಿ ಸರ್ವರ್‌ನ ಮಲ್ಟಿ ಆಪ್ಷನ್ ಜೊತೆ, ಯಾವ ಪ್ರೋಗ್ರಾಂನೂ ಕೊಡದೆ ಸ್ಟಾರ್ಟ್ ಮಾಡಿ ಬಿಡ್ತೀರಿ. ಲ್ಯಾಪ್‌ಟಾಪ್‌ನಿಂದ ಟಾರ್ಗೆಟ್ ಎಕ್ಸ್‌ಟೆಂಡೆಡ್-ರಿಮೋಟ್ ಅಂತ ಕನೆಕ್ಟ್ ಆಗಿ, ಸೆಟ್ ರಿಮೋಟ್ ಎಕ್ಸೆಕ್-ಫೈಲ್ ಅಂತ ಬೋರ್ಡ್ ಮೇಲಿನ ಬೈನರಿ ಪಾತ್ ಕೊಟ್ಟು, ಸೆಟ್ ಆರ್ಗ್ಸ್ ಹಾಕಿ, ರನ್. ಪ್ರೋಗ್ರಾಂ ಸತ್ರೆ ಮತ್ತೆ ರನ್. ಬೇರೆ ಆರ್ಗ್ಯುಮೆಂಟ್ ಬೇಕಾ, ಬದಲಾಯಿಸಿ ಮತ್ತೆ ರನ್. ಓಡ್ತಿರೋ ಡೀಮನ್ ಬೇಕಾ, ಅಟ್ಯಾಚ್ ಪಿಐಡಿ, ಕೆಲಸ ಆದ್ಮೇಲೆ ಡಿಟ್ಯಾಚ್, ಕನೆಕ್ಷನ್ ಹಾಗೇ ಇರತ್ತೆ. ಬ್ರೇಕ್‌ಪಾಯಿಂಟ್ ಎಲ್ಲ ಉಳ್ಕೊಂಡಿರತ್ತೆ, ಹತ್ತು ಸಲ ಓಡ್ಸಿದ್ರೆ ಒಂದ್ಸಲ ಬರೋ ರೇಸ್ ಕಂಡಿಷನ್ (ಥ್ರೆಡ್‌ಗಳು ಓಡೋ ಕ್ರಮ ಬದಲಾದಾಗ ಮಾತ್ರ ಬರೋ ಬಗ್) ಹಿಡಿಯೋಕೆ ಕೂತಾಗ ಇದರ ಬೆಲೆ ಗೊತ್ತಾಗೋದು. ಪೂರ್ತಿ ಮುಗಿಸ್ಬೇಕಂದ್ರೆ ಮಾನಿಟರ್ ಎಕ್ಸಿಟ್ ಕೊಟ್ರೆ ಆ ಕಡೆ ಜಿಡಿಬಿ ಸರ್ವರ್ ನಿಲ್ಲತ್ತೆ, ಇಲ್ಲಾಂದ್ರೆ ನೀವು ಕ್ವಿಟ್ ಮಾಡಿದ್ಮೇಲೂ ಅದು ಬಾಗಿಲು ತೆಗ್ದು ಕೂತಿರತ್ತೆ, ಇದನ್ನ ಮರೀಬೇಡಿ, ಕೆಳಗೆ ಸೆಕ್ಯುರಿಟಿ ಬಗ್ಗೆ ಹೇಳೋವಾಗ ಮತ್ತೆ ಬರ್ತೀನಿ.

ಎರಡನ್ನೂ ಕಲಸ್ಕೊಂಡಾಗ ಏನಾಗತ್ತೆ ಅಂತ ಒಂದು ಗುರುತು ಹೇಳ್ತೀನಿ. ಬೋರ್ಡ್‌ನಲ್ಲಿ ಮಲ್ಟಿ ಅಂತ ಸ್ಟಾರ್ಟ್ ಮಾಡಿ ಲ್ಯಾಪ್‌ಟಾಪ್‌ನಲ್ಲಿ ಸಾದಾ ಟಾರ್ಗೆಟ್ ರಿಮೋಟ್ ಕೊಟ್ರೆ, ದ ಟಾರ್ಗೆಟ್ ಈಸ್ ನಾಟ್ ರನ್ನಿಂಗ್, ಟ್ರೈ ಎಕ್ಸ್‌ಟೆಂಡೆಡ್-ರಿಮೋಟ್ ಅನ್ನೋ ಮೆಸೇಜ್ ಬರತ್ತೆ. ಇದನ್ನ ಓದಿ ನೆಟ್‌ವರ್ಕ್ ಪ್ರಾಬ್ಲಂ ಅಂತ ಫೈರ್‌ವಾಲ್ ಕೆದಕೋಕೆ ಹೋಗೋರು ಇದ್ದಾರೆ. ನೆಟ್‌ವರ್ಕ್ ಸರಿ ಇರೋದ್ರಿಂದಲೇ ಆ ಮೆಸೇಜ್ ಬಂದಿದ್ದು, ಮೋಡ್ ಅಷ್ಟೇ ಬದಲಾಯಿಸ್ಬೇಕು.

ಈಗ ಎರಡನೇ ಪ್ರಶ್ನೆ, ಬಿಟ್ಟು ಹೋದಾಗ ಏನಾಗತ್ತೆ. ಜಿಡಿಬಿ ಸರ್ವರ್ರೇ ಹುಟ್ಟಿಸಿದ ಪ್ರೋಗ್ರಾಂ ಆದ್ರೆ ಕ್ವಿಟ್ ಕೊಟ್ಟಾಗ ಜಿಡಿಬಿ ಅದನ್ನ ಕೊಲ್ಲತ್ತೆ (ಕೇಳಿನೇ ಕೊಲ್ಲತ್ತೆ, ಓದದೇ ವೈ ಒತ್ತೋರದ್ದು ಬೇರೆ ಕಥೆ). ಅಟ್ಯಾಚ್ ಆಪ್ಷನ್‌ನಲ್ಲಿ ಓಡ್ತಿರೋದಕ್ಕೆ ಅಂಟಿಸಿದ್ರೆ ಕ್ವಿಟ್ ಅಂದಾಗ ಡಿಟ್ಯಾಚ್ ಆಗಿ ಅದು ಮುಂದುವರಿಯತ್ತೆ. ಡಿಸ್ಕನೆಕ್ಟ್ ಅನ್ನೋದು ಮೂರನೇ ದಾರಿ, ಪ್ರೋಗ್ರಾಂನ ನಿಂತ ಜಾಗದಲ್ಲೇ ಬಿಟ್ಟು ಲೈನ್ ಮಾತ್ರ ಕಟ್ ಮಾಡತ್ತೆ, ಆಮೇಲೆ ಬೇರೆ ಮಷೀನ್‌ನಿಂದ ಬಂದು ಅಲ್ಲಿಂದಲೇ ಮುಂದುವರಿಸಬಹುದು, ಸಂಜೆ ಶಿಫ್ಟ್‌ನವರಿಗೆ ಸೆಷನ್ ಒಪ್ಪಿಸಿ ಹೋಗೋಕೆ ಇದು ಚೆನ್ನಾಗಿ ಕೆಲಸಕ್ಕೆ ಬರತ್ತೆ. ವೈಫೈ ಮಧ್ಯದಲ್ಲಿ ಕೈಕೊಟ್ರೆ ರಿಮೋಟ್ ಸೈಡ್ ಕನೆಕ್ಷನ್ ಮುಗಿಸಿದೆ, ಮತ್ತೆ ತೆಗೀತೀನಿ ಅಂತ ಜಿಡಿಬಿ ಸರ್ವರ್ ಬೋರ್ಡ್ ಕಡೆ ಪ್ರಿಂಟ್ ಮಾಡಿ ಕಾಯತ್ತೆ, ಬ್ರೇಕ್‌ಪಾಯಿಂಟ್‌ನಲ್ಲಿ ನಿಂತಿದ್ದ ಪ್ರೋಗ್ರಾಂ ಹಾಗೇ ನಿಂತಿರತ್ತೆ. ಆದ್ರೆ ಏನೇ ಆದ್ರೂ ಜಿಡಿಬಿ ಸರ್ವರ್‌ನ ಕಿಲ್ -9 ಮಾಡೋಕೆ ಹೋಗ್ಬೇಡಿ, ಬ್ರೇಕ್‌ಪಾಯಿಂಟ್‌ಗೆ ಅಂತ ಮೆಮೊರಿಯಲ್ಲಿ ಬರೆದಿಟ್ಟ ಟ್ರ್ಯಾಪ್ ಇನ್‌ಸ್ಟ್ರಕ್ಷನ್ ಅಲ್ಲೇ ಉಳ್ಕೊಂಡಿರತ್ತೆ, ಅಟ್ಯಾಚ್ ಮಾಡಿದ್ದ ಪ್ರೋಗ್ರಾಂ ಓಡ್ತಾ ಓಡ್ತಾ ಅದಕ್ಕೆ ಕಾಲಿಟ್ಟ ಕ್ಷಣ ಸಿಗ್‌ಟ್ರ್ಯಾಪ್‌ನಲ್ಲಿ ಸಾಯತ್ತೆ, ಕಾರಣ ಹುಡ್ಕೋಕೆ ಹೋದ್ರೆ ಎಲ್ಲೂ ಸಿಗಲ್ಲ.

ನನ್ನ ಅಭಿಪ್ರಾಯ ಕೇಳಿದ್ರೆ, ಅನುಮಾನ ಇದ್ದಾಗ ಎಕ್ಸ್‌ಟೆಂಡೆಡ್. ಸಾದಾ ಮೋಡ್‌ನಲ್ಲಿ ಮಾಡೋದೆಲ್ಲ ಅದ್ರಲ್ಲೂ ಮಾಡಬಹುದು. ಸಾದಾ ಮೋಡ್ ಬೇಕೇ ಬೇಕು ಅನ್ಸೋದು ಸ್ಟಬ್ ತೀರಾ ಚಿಕ್ಕದಾಗಿದ್ದು ಎಕ್ಸ್‌ಟೆಂಡೆಡ್ ಗೊತ್ತೇ ಇಲ್ಲದಾಗ, ಅಥವಾ ಸೆಷನ್ ಮುಗಿದ ಮೇಲೆ ಬೋರ್ಡ್‌ನಲ್ಲಿ ಏನೂ ಉಳೀಬಾರದು ಅನ್ನೋ ಕಟ್ಟುನಿಟ್ಟು ಇದ್ದಾಗ. ವಿಎಸ್ ಕೋಡ್ ಬಳಸೋರಿಗೆ ಒಂದು ಮಾತು, ಅದರ ಸಿ ಪ್ಲಸ್ ಪ್ಲಸ್ ಎಕ್ಸ್‌ಟೆನ್ಷನ್‌ನಲ್ಲಿ ಸರ್ವರ್ ಅಡ್ರೆಸ್ ಕೊಟ್ರೆ ಹೋಗೋದು ಸಾದಾ ರಿಮೋಟ್‌ಗೆ, ಎಕ್ಸ್‌ಟೆಂಡೆಡ್ ಬೇಕಂದ್ರೆ ಲಾಂಚ್ ಫೈಲ್‌ನಲ್ಲಿ ಯೂಸ್ ಎಕ್ಸ್‌ಟೆಂಡೆಡ್ ರಿಮೋಟ್ ಅನ್ನೋದನ್ನ ಬೇರೆಯಾಗಿ ಟ್ರೂ ಮಾಡ್ಬೇಕು.

ಅಟ್ಯಾಚ್ ಮಾಡೋಕೆ ಹೋದಾಗ ಆಪರೇಷನ್ ನಾಟ್ ಪರ್ಮಿಟೆಡ್ ಬಂದ್ರೆ ಉಬುಂಟು ಥರದ ಡಿಸ್ಟ್ರೋದಲ್ಲಿ ಅದು ಯಾಮಾ ಅನ್ನೋ ಕರ್ನಲ್ ಸೆಕ್ಯುರಿಟಿ ಮಾಡ್ಯೂಲ್‌ನ ಕೆಲಸ. ಪಿಟ್ರೇಸ್ ಸ್ಕೋಪ್ 1 ಇದ್ರೆ ತಾನು ಹುಟ್ಟಿಸಿದ ಪ್ರಾಸೆಸ್‌ಗೆ ಮಾತ್ರ ಅಟ್ಯಾಚ್ ಆಗೋಕೆ ಬಿಡತ್ತೆ. ರೂಟ್ ಆಗಿ ಓಡಿಸಿ ಅಥವಾ ಡಿಬಗ್ ಮಾಡೋ ಹೊತ್ತಿಗೆ 0 ಮಾಡಿ ಆಮೇಲೆ ವಾಪಸ್ ಹಾಕಿ. ಡಾಕರ್ ಒಳಗಾದ್ರೆ ಸಿಸ್ ಪಿಟ್ರೇಸ್ ಕೇಪಬಿಲಿಟಿ ಸೇರಿಸ್ಬೇಕಾಗಬಹುದು.

ತಂತಿ ಯಾವುದು

ಮೋಡ್ ನಿರ್ಧಾರ ಆದ್ಮೇಲೆ ಇದು. ಟಿಸಿಪಿ, ಎಸ್‌ಎಸ್‌ಎಚ್ ಟನಲ್, ಎಸ್‌ಎಸ್‌ಎಚ್ ಪೈಪ್, ಸೀರಿಯಲ್, ಹೀಗೆ ನಾಲ್ಕು ಇದೆ, ನಾನು ಸಾಮಾನ್ಯವಾಗಿ ಮೂರನೇದಕ್ಕೆ ಹೋಗ್ತೀನಿ.

ಯಾಕೆ ಅಂದ್ರೆ ಜಿಡಿಬಿ ಸರ್ವರ್‌ಗೆ ಪಾಸ್‌ವರ್ಡ್ ಅನ್ನೋದೇ ಇಲ್ಲ. ಪೋರ್ಟ್‌ಗೆ ಯಾರು ಬಂದ್ರೂ ಒಳಗೆ ಬಿಡತ್ತೆ, ಬಂದವರಿಗೆ ಅದನ್ನ ಓಡಿಸ್ತಿರೋ ಯೂಸರ್‌ನ ಎಲ್ಲಾ ಅಧಿಕಾರ ಸಿಗತ್ತೆ. ಬೋರ್ಡ್ ಮೇಲೆ ಬಹಳಷ್ಟು ಸಲ ಅದು ರೂಟ್ ಆಗೇ ಓಡ್ತಿರೋದು, ಅಂದ್ರೆ ಆ ಪೋರ್ಟ್ ರೂಟ್ ಶೆಲ್‌ಗೆ ಸಮ, ಎಕ್ಸ್‌ಟೆಂಡೆಡ್ ಮೋಡ್‌ನಲ್ಲಂತೂ ಫೈಲ್ ಕಳಿಸಿ ರನ್ ಕೂಡ ಮಾಡ್ಸಬಹುದು. ಪಬ್ಲಿಕ್ ನೆಟ್‌ವರ್ಕ್‌ಗೆ ಸೇರಿಸಿ ಓಡಿಸ್ಬೇಡಿ ಅಂತ ಜಿಡಿಬಿಯ ಮ್ಯಾನ್ಯುಯಲ್ಲೇ ಎಚ್ಚರಿಸತ್ತೆ.

ಇಲ್ಲೊಂದು ಕಾಣದ ಗುಂಡಿ ಇದೆ. ಸುಮಾರು ಜನ ಲೋಕಲ್‌ಹೋಸ್ಟ್:2345 ಅಂತ ಬರ್ದು ಹೊರಗಿನವರಿಗೆ ಕಾಣಲ್ಲ ಬಿಡು ಅಂತ ನೆಮ್ಮದಿಯಾಗಿ ಇರ್ತಾರೆ. ಹಾಗಾಗಲ್ಲ! ಕೋಲನ್ ಹಿಂದೆ ಬರೆದ ಹೋಸ್ಟ್ ಹೆಸರನ್ನ ಜಿಡಿಬಿ ಸರ್ವರ್ ಲಿಸನ್ ಮಾಡೋವಾಗ ಲೆಕ್ಕಕ್ಕೇ ತಗೊಳ್ಳಲ್ಲ, ಎಲ್ಲಾ ಇಂಟರ್‌ಫೇಸ್ ಮೇಲೂ ಬೈಂಡ್ ಆಗತ್ತೆ. ಹಾಗಾಗಿ ಎಸ್‌ಎಸ್‌ಎಚ್ ಟನಲ್ ಹಾಕಿ ಪೋರ್ಟ್ ಫಾರ್ವರ್ಡ್ ಮಾಡಿದ್ರೂ ಬೋರ್ಡ್ ಕಡೆ ಪೋರ್ಟ್ ಊರಿಗೆಲ್ಲ ತೆರೆದೇ ಇರತ್ತೆ, ಟನಲ್ ನಿಮ್ಮ ದಾರಿಯನ್ನ ಕಾಪಾಡತ್ತೆ, ಬಾಗಿಲನ್ನ ಅಲ್ಲ. ಟನಲ್ಲೇ ಬೇಕು ಅಂದ್ರೆ ಬೋರ್ಡ್ ಮೇಲೆ ಐಪಿಟೇಬಲ್ಸ್‌ನಲ್ಲಿ ಆ ಪೋರ್ಟ್‌ನ ಲೂಪ್‌ಬ್ಯಾಕ್ ಬಿಟ್ಟು ಮಿಕ್ಕ ಕಡೆಯಿಂದ ಮುಚ್ಚಿ. ಒನ್ಸ್ ಆಪ್ಷನ್ ಹಾಕಿದ್ರೆ ಮೊದಲ ಕನೆಕ್ಷನ್ ಆದ್ಮೇಲೆ ಇನ್ನೊಂದಕ್ಕೆ ಕಿವಿ ಕೊಡಲ್ಲ, ಅದೂ ಸ್ವಲ್ಪ ಸಹಾಯ.

ಪೈಪ್ ದಾರಿಯಲ್ಲಿ ಪೋರ್ಟೇ ಇಲ್ಲ. ಜಿಡಿಬಿ ಒಳಗೆ ಟಾರ್ಗೆಟ್ ರಿಮೋಟ್ ಅಂತ ಬರ್ದು, ಒಂದು ಪೈಪ್ ಚಿಹ್ನೆ ಹಾಕಿ, ಎಸ್‌ಎಸ್‌ಎಚ್‌ಗೆ ದೊಡ್ಡಕ್ಷರದ ಟಿ ಆಪ್ಷನ್, ಬೋರ್ಡ್ ಹೆಸರು, ಆಮೇಲೆ ಜಿಡಿಬಿ ಸರ್ವರ್, ಪೋರ್ಟ್ ಇರಬೇಕಾದ ಜಾಗದಲ್ಲಿ ಬರೀ ಒಂದು ಹೈಫನ್, ಆಮೇಲೆ ಪ್ರೋಗ್ರಾಂ. ಅಷ್ಟೇ. ಜಿಡಿಬಿನೇ ಎಸ್‌ಎಸ್‌ಎಚ್ ಓಡಿಸಿ ಆ ಕಡೆ ಜಿಡಿಬಿ ಸರ್ವರ್ ಎಬ್ಬಿಸಿ ಸ್ಟ್ಯಾಂಡರ್ಡ್ ಇನ್‌ಪುಟ್ ಔಟ್‌ಪುಟ್ ಮೇಲೇ ಮಾತಾಡತ್ತೆ, ಎರಡು ಟರ್ಮಿನಲ್ ಬೇಡ, ಮೊದ್ಲು ಅಲ್ಲಿ ಸ್ಟಾರ್ಟ್ ಮಾಡು ಆಮೇಲೆ ಇಲ್ಲಿ ಅನ್ನೋ ಓಡಾಟ ಇಲ್ಲ, ಎಸ್‌ಎಸ್‌ಎಚ್ ಕೀ ಇದ್ದವರು ಮಾತ್ರ ಒಳಗೆ. ದೊಡ್ಡಕ್ಷರದ ಟಿ ಯಾಕೆ ಅಂದ್ರೆ ಟರ್ಮಿನಲ್ ಅಲೊಕೇಟ್ ಆಗಿ ಪ್ಯಾಕೆಟ್ ಮಧ್ಯ ಅಕ್ಷರ ಹೊಲಸು ಆಗ್ಬಾರ್ದು ಅಂತ. ಎಕ್ಸ್‌ಟೆಂಡೆಡ್‌ಗೂ ಹೀಗೇ ನಡೆಯತ್ತೆ, ಮಲ್ಟಿ ಹಾಕಿ ಹೈಫನ್ ಕೊಡಿ. ಒಂದೇ ಕೊರತೆ, ಹೀಗೆ ಹುಟ್ಟಿದ ಪ್ರೋಗ್ರಾಂಗೆ ಇನ್‌ಪುಟ್ ಡೆವ್ ನಲ್ ಆಗಿರತ್ತೆ, ಅಂದ್ರೆ ಯೂಸರ್ ಹತ್ರ ಕೇಳಿ ಟೈಪ್ ಮಾಡಿಸ್ಕೊಳ್ಳೋ ಪ್ರೋಗ್ರಾಂಗೆ ಇದು ಆಗಲ್ಲ. ಔಟ್‌ಪುಟ್ ಮಾತ್ರ ಜಿಡಿಬಿ ಪರದೆಗೇ ಬರತ್ತೆ. ಸಾದಾ ಟಿಸಿಪಿಯಲ್ಲಿ ಇದಕ್ಕೆ ಉಲ್ಟಾ, ಪ್ರಿಂಟ್‌ಎಫ್ ಎಲ್ಲ ಬೋರ್ಡ್ ಕಡೆ ಜಿಡಿಬಿ ಸರ್ವರ್ ಓಡ್ತಿರೋ ಟರ್ಮಿನಲ್‌ನಲ್ಲಿ ಬರೋದು, ಜಿಡಿಬಿ ಪರದೆ ನೋಡ್ತಾ ಔಟ್‌ಪುಟ್ ಯಾಕೆ ಬರ್ತಿಲ್ಲ ಅಂತ ಕಾಯ್ಬೇಡಿ.

ಸೀರಿಯಲ್ ಬೇರೆ ಗತಿ ಇಲ್ಲದಾಗ ಮಾತ್ರ. 115200 ಬಾಡ್ ಅಂದ್ರೆ ಸೆಕೆಂಡ್‌ಗೆ ಸುಮಾರು 11.5 ಕೆಬಿ, 1 ಎಂಬಿ ಎಳೆಯೋಕೆ ಒಂದೂವರೆ ನಿಮಿಷ ಹತ್ರ ಬೇಕು. ರಿಜಿಸ್ಟರ್ ನೋಡೋಕೆ, ಸ್ಟೆಪ್ ಹಾಕೋಕೆ ತೊಂದ್ರೆ ಇಲ್ಲ, ಲೈಬ್ರರಿ ಎಳೆಯೋಕೆ ಹೋದ್ರೆ ಅಲ್ಲೇ ನಿಂತೋಯ್ತು.

ಆ ಲೈಬ್ರರಿ ವಿಷಯ

ಇದು ಮೋಡ್ ಆಯ್ಕೆಗೆ ನೇರ ಸಂಬಂಧ ಇಲ್ಲದೇ ಇದ್ರೂ, ಕನೆಕ್ಟ್ ಆಗಿನೂ ಉಪಯೋಗ ಇಲ್ಲ ಅನ್ಸೋದು ಮುಖ್ಯವಾಗಿ ಇದ್ರಿಂದಲೇ. ಪ್ರೋಗ್ರಾಂ ಬಳಸೋ ಶೇರ್ಡ್ ಲೈಬ್ರರಿಗಳು ಬೋರ್ಡ್‌ನಲ್ಲಿವೆ, ಜಿಡಿಬಿಗೆ ಅವುಗಳ ಸಿಂಬಲ್ ಬೇಕು. 2015ರಲ್ಲಿ ಬಂದ ಜಿಡಿಬಿ 7.10ರಿಂದ ಸಿಸ್‌ರೂಟ್‌ಗೆ (ಟಾರ್ಗೆಟ್‌ನ ಲೈಬ್ರರಿಗಳನ್ನ ಎಲ್ಲಿ ಹುಡುಕ್ಬೇಕು ಅನ್ನೋ ಸೆಟ್ಟಿಂಗ್) ನೀವು ಏನೂ ಹೇಳದಿದ್ರೆ ಅದು ಟಾರ್ಗೆಟ್‌ನಿಂದಲೇ ಆ ಫೈಲ್‌ಗಳನ್ನ ಎಳ್ಕೊಳ್ಳತ್ತೆ. ಅನುಕೂಲವೇ, ಆದ್ರೆ ರೀಡಿಂಗ್ ಫ್ರಮ್ ರಿಮೋಟ್ ಟಾರ್ಗೆಟ್ ಅಂತ ಒಂದೊಂದೇ ಸಾಲು ಬರ್ತಾ ಹೋಗತ್ತೆ, ಫೈಲ್ ಟ್ರಾನ್ಸ್‌ಫರ್ ನಿಧಾನ ಆಗಬಹುದು, ಸೆಟ್ ಸಿಸ್‌ರೂಟ್ ಬಳಸಿ ಅಂತ ಅದೇ ವಾರ್ನಿಂಗ್ ಕೊಡತ್ತೆ. ಅದರ ಜೊತೆ ಬೋರ್ಡ್ ಮೇಲಿರೋದು ಸ್ಟ್ರಿಪ್ ಮಾಡಿದ ಲೈಬ್ರರಿ, ಅಷ್ಟು ಕಾದ್ರೂ ಫಂಕ್ಷನ್ ಹೆಸರು ಸರಿಯಾಗಿ ಸಿಗಲ್ಲ.

ಬಿಲ್ಡ್‌ರೂಟ್ (ಬೋರ್ಡ್‌ಗೆ ಲಿನಕ್ಸ್ ಕಟ್ಟೋ ಟೂಲ್) ಬಳಸ್ತಿದ್ರೆ ಔಟ್‌ಪುಟ್ ಕೆಳಗಿನ ಸ್ಟೇಜಿಂಗ್ ಫೋಲ್ಡರ್‌ನಲ್ಲಿ ಸ್ಟ್ರಿಪ್ ಆಗದ ಲೈಬ್ರರಿಗಳು ಇರ್ತವೆ, ಸೆಟ್ ಸಿಸ್‌ರೂಟ್ ಅದಕ್ಕೆ ತೋರಿಸಿ, ಟಾರ್ಗೆಟ್ ಫೋಲ್ಡರ್‌ಗೆ ಅಲ್ಲ. ಇದನ್ನ ಕನೆಕ್ಟ್ ಆಗೋಕೆ ಮುಂಚೆನೇ ಕೊಡ್ಬೇಕು. ಆಮೇಲೆ ಇನ್ಫೋ ಶೇರ್ಡ್‌ಲೈಬ್ರರಿ ಹೊಡೆದು ನೋಡಿ, ಪ್ರತೀ ಲೈಬ್ರರಿ ಮುಂದೆ ಯೆಸ್ ಇರ್ಬೇಕು, ಅದರ ಪಕ್ಕ ನಕ್ಷತ್ರ ಇದ್ರೆ ಡಿಬಗ್ ಇನ್ಫೋ ಇಲ್ಲ ಅಂತ ಅರ್ಥ. ಸೋರ್ಸ್ ಬೇರೆ ಮಷೀನ್‌ನಲ್ಲಿ ಬಿಲ್ಡ್ ಆಗಿದ್ರೆ ಸೆಟ್ ಸಬ್‌ಸ್ಟಿಟ್ಯೂಟ್-ಪಾತ್ ಕೊಟ್ಟು ಹಳೇ ಪಾತ್‌ನ ಹೊಸದಕ್ಕೆ ತಿರುಗಿಸಿ.

ಇನ್ನೊಂದು ಸಾಮಾನ್ಯ ಎರರ್, ರಿಮೋಟ್ ಜಿ ಪ್ಯಾಕೆಟ್ ರಿಪ್ಲೈ ಈಸ್ ಟೂ ಲಾಂಗ್. ಮೇಲೆ ಹೇಳಿದ್ನಲ್ಲ ಜಿ ಅಂದ್ರೆ ಎಲ್ಲಾ ರಿಜಿಸ್ಟರ್ ಕೊಡು ಅಂತ, ಜಿಡಿಬಿ ಒಂದು ಸಿಪಿಯು ಅನ್ಕೊಂಡು ಇಷ್ಟು ಬೈಟ್ ಬರತ್ತೆ ಅಂತ ಕಾಯ್ತಿದೆ, ಆ ಕಡೆಯಿಂದ ಬೇರೆ ಸಿಪಿಯುದು ಬಂತು. ಲ್ಯಾಪ್‌ಟಾಪ್‌ನ ಎಕ್ಸ್86 ಜಿಡಿಬಿಯಿಂದ ಆರ್ಮ್ ಬೋರ್ಡ್‌ಗೆ ಹೋಗಿದೀರಿ ಅಂತ. ಡೆಬಿಯನ್, ಉಬುಂಟುವಿನಲ್ಲಿ ಜಿಡಿಬಿ-ಮಲ್ಟಿಆರ್ಕ್ ಅನ್ನೋ ಪ್ಯಾಕೇಜ್ ಇದೆ, ಇಲ್ಲಾ ಟೂಲ್‌ಚೈನ್ ಜೊತೆ ಬಂದ ಜಿಡಿಬಿ ಬಳಸಿ, ಬೈನರಿನ ಕನೆಕ್ಟ್ ಆಗೋಕೆ ಮುಂಚೆ ಲೋಡ್ ಮಾಡಿ.

ಆಪರೇಟಿಂಗ್ ಸಿಸ್ಟಮ್ಮೇ ಇಲ್ಲದಾಗ

ಮೈಕ್ರೋಕಂಟ್ರೋಲರ್‌ನಲ್ಲಿ ಜಿಡಿಬಿ ಸರ್ವರ್ ಓಡಿಸೋಕೆ ಲಿನಕ್ಸ್ ಇಲ್ಲ, ಸ್ಟಬ್ ಕೆಲಸನ ಲ್ಯಾಪ್‌ಟಾಪ್‌ನಲ್ಲಿ ಓಡೋ ಒಂದು ಪ್ರೋಗ್ರಾಂ ಮಾಡತ್ತೆ, ಅದು ಪ್ರೋಬ್ (ಲ್ಯಾಪ್‌ಟಾಪ್‌ಗೂ ಚಿಪ್‌ಗೂ ನಡುವಿನ ಚಿಕ್ಕ ಹಾರ್ಡ್‌ವೇರ್) ಮೂಲಕ ಜೆಟ್ಯಾಗ್ ಅಥವಾ ಎಸ್‌ಡಬ್ಲ್ಯುಡಿ ಅನ್ನೋ ಡಿಬಗ್ ತಂತಿ ಹಿಡಿದು ಚಿಪ್ ಜೊತೆ ಮಾತಾಡತ್ತೆ. ಓಪನ್‌ಒಸಿಡಿ ಆದ್ರೆ ಪೋರ್ಟ್ 3333, ಸೆಗರ್ ಜೆ-ಲಿಂಕ್‌ನ ಸರ್ವರ್ ಆದ್ರೆ 2331. ಓಪನ್‌ಒಸಿಡಿ 2005ರ ಹೊತ್ತಿಗೆ ಡೊಮಿನಿಕ್ ರಾಥ್ ಅನ್ನೋರು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಡಿಪ್ಲೊಮಾ ಪ್ರಬಂಧಕ್ಕೆ ಅಂತ ಶುರು ಮಾಡಿದ್ದು, ಈಗ ಲೆಕ್ಕ ಇಲ್ಲದಷ್ಟು ಚಿಪ್‌ಗೆ ಅದೇ ಆಸರೆ. ಬ್ಲ್ಯಾಕ್ ಮ್ಯಾಜಿಕ್ ಪ್ರೋಬ್ ಇನ್ನೂ ಚೆಂದ, ಸ್ಟಬ್ ಪ್ರೋಬ್ ಒಳಗೇ ಇದೆ, ಯುಎಸ್‌ಬಿಗೆ ಚುಚ್ಚಿ ನೇರ ಅದರ ಸೀರಿಯಲ್ ಪೋರ್ಟ್‌ಗೆ ಎಕ್ಸ್‌ಟೆಂಡೆಡ್-ರಿಮೋಟ್ ಅಂತ ಕನೆಕ್ಟ್ ಆಗಿ, ಮಾನಿಟರ್ ಎಸ್‌ಡಬ್ಲ್ಯುಡಿಪಿ ಸ್ಕ್ಯಾನ್, ಆಮೇಲೆ ಅಟ್ಯಾಚ್ 1.

ಕಲಿಯೋಕೆ ಹೊರಟವರಿಗೆ ನನ್ನ ಸಲಹೆ ಎಸ್‌ಟಿ-ಲಿಂಕ್ ಪ್ರೋಬ್ ಜೊತೆ ಓಪನ್‌ಒಸಿಡಿ. ನ್ಯೂಕ್ಲಿಯೊ ಬೋರ್ಡ್ ತಗೊಂಡ್ರೆ ಪ್ರೋಬ್ ಅದರ ಮೇಲೇ ಇರತ್ತೆ, ಬೇರೆ ತಗೊಳ್ಳೋದೇ ಬೇಡ, ಬೆಂಗಳೂರಿನವರು ಎಸ್‌ಪಿ ರೋಡ್‌ನಲ್ಲಿ ಒಂದು ಸುತ್ತು ಹಾಕಿದ್ರೆ ಇಂಥದ್ದೆಲ್ಲ ಕೈಗೆ ಸಿಗತ್ತೆ. ಇಎಸ್‌ಪಿ32ರಲ್ಲಿ ಸಿ3, ಎಸ್3 ಥರದ ಚಿಪ್‌ಗಳಿಗೆ ಜೆಟ್ಯಾಗ್ ಒಳಗೇ ಕೂತಿದೆ, ಯುಎಸ್‌ಬಿ ಕೇಬಲ್ ಸಾಕು. ಫ್ಲ್ಯಾಶ್ ಮಾಡೋ ವೇಗ, ಸಪೋರ್ಟ್ ಮುಖ್ಯ ಅನ್ನೋ ಕಂಪನಿ ಕೆಲಸಕ್ಕಾದ್ರೆ ಜೆ-ಲಿಂಕ್‌ಗೆ ದುಡ್ಡು ಹಾಕೋದ್ರಲ್ಲಿ ತಪ್ಪಿಲ್ಲ.

ಇಲ್ಲಿ ರೂಲ್ಸ್ ಸ್ವಲ್ಪ ಬೇರೆ. ಕೋಡ್ ಫ್ಲ್ಯಾಶ್‌ನಲ್ಲಿ ಇರೋದ್ರಿಂದ ಬ್ರೇಕ್‌ಪಾಯಿಂಟ್‌ಗೆ ಹಾರ್ಡ್‌ವೇರ್ ಕಂಪೇರೇಟರ್ ಬೇಕು, ಕಾರ್ಟೆಕ್ಸ್-ಎಂ3, ಎಂ4ನಲ್ಲಿ ಸಾಮಾನ್ಯವಾಗಿ 6, ಎಂ0ನಲ್ಲಿ ಹೆಚ್ಚಂದ್ರೆ 4. ಲಿನಕ್ಸ್ ಅಭ್ಯಾಸದಲ್ಲಿ ಇಪ್ಪತ್ತು ಬ್ರೇಕ್‌ಪಾಯಿಂಟ್ ಹಾಕ್ತಾ ಹೋದ್ರೆ ಹಾಕಿದ್ದು ಕೂರಲ್ಲ, ಕಂಟಿನ್ಯೂ ಅಂದಾಗ ಎರರ್. ಜೆ-ಲಿಂಕ್‌ನವರು ಫ್ಲ್ಯಾಶ್ ತಿದ್ದಿ ಈ ಮಿತಿ ದಾಟಿಸೋ ಸೌಲಭ್ಯ ಕೊಡ್ತಾರೆ. ಇನ್ನೊಂದು, ವಾಚ್‌ಡಾಗ್, ಅಂದ್ರೆ ಪ್ರೋಗ್ರಾಂ ಸಿಕ್ಕಾಕೊಂಡ್ರೆ ಚಿಪ್‌ನ ರಿಸೆಟ್ ಮಾಡೋ ಟೈಮರ್. ನೀವು ಸಿಪಿಯು ನಿಲ್ಲಿಸಿ ವೇರಿಯೇಬಲ್ ನೋಡ್ತಾ ಕೂತಿರೋವಾಗ ವಾಚ್‌ಡಾಗ್ ಟೈಮರ್ ತನ್ನ ಪಾಡಿಗೆ ಎಣಿಸಿ ಚಿಪ್‌ನ ರಿಸೆಟ್ ಮಾಡಿಬಿಡತ್ತೆ. ಎಸ್‌ಟಿಎಂ32ನಲ್ಲಿ ಡಿಬಗ್ ಹಾಲ್ಟ್ ಆದಾಗ ವಾಚ್‌ಡಾಗ್ ಕೂಡ ನಿಲ್ಲೋ ಹಾಗೆ ಒಂದು ಬಿಟ್ ಇದೆ, ಅದನ್ನ ಡಿಬಗ್ ಬಿಲ್ಡ್‌ನಲ್ಲಿ ಮೊದಲೇ ಸೆಟ್ ಮಾಡಿಡಿ. ಲಿನಕ್ಸ್ ಬೋರ್ಡ್‌ನಲ್ಲೂ ಇದೇ ಕಾಟ ಬೇರೆ ವೇಷದಲ್ಲಿ ಬರತ್ತೆ, ಸಿಸ್ಟಂಡಿ ಸರ್ವಿಸ್‌ಗೆ ವಾಚ್‌ಡಾಗ್ ಸೆಕೆಂಡ್ಸ್ ಹಾಕಿದ್ರೆ ನೀವು ಬ್ರೇಕ್‌ಪಾಯಿಂಟ್‌ನಲ್ಲಿ ನಿಂತಿರೋವಾಗ್ಲೇ ಅದು ಸಿಗ್‌ಅಬಾರ್ಟ್ ಕಳಿಸಿ ಪ್ರೋಗ್ರಾಂನ ಮುಗಿಸತ್ತೆ.

ಕರ್ನಲ್ ಡಿಬಗ್ ಮಾಡೋರಿಗೆ ಚಿಕ್ಕದಾಗಿ: ಕ್ಯುಎಮುನಲ್ಲಿ ಮರುಕಳಿಸೋ ಬಗ್ ಆದ್ರೆ ಅಲ್ಲೇ ಮಾಡಿ, ಚಿಕ್ಕಕ್ಷರದ ಎಸ್ ಹಾಕಿದ್ರೆ 1234 ಪೋರ್ಟ್‌ನಲ್ಲಿ ಸ್ಟಬ್ ತೆರೆಯತ್ತೆ, ದೊಡ್ಡಕ್ಷರದ ಎಸ್ ಹಾಕಿದ್ರೆ ಸಿಪಿಯು ಶುರುವಲ್ಲೇ ನಿಂತು ನಿಮಗೆ ಕಾಯತ್ತೆ, ಕರ್ನಲ್ ಕಮಾಂಡ್‌ಲೈನ್‌ನಲ್ಲಿ ನೋ ಕೆಎಎಸ್‌ಎಲ್‌ಆರ್ (ಕರ್ನಲ್ ಅಡ್ರೆಸ್‌ನ ಪ್ರತೀ ಬೂಟ್‌ಗೂ ಬದಲಾಯಿಸಬೇಡ ಅನ್ನೋ ಆಪ್ಷನ್) ಮರೀಬೇಡಿ, ಇಲ್ಲಾಂದ್ರೆ ಅಡ್ರೆಸ್ ಹೊಂದಲ್ಲ. ನಿಜವಾದ ಹಾರ್ಡ್‌ವೇರ್ ಬೇಕೇ ಬೇಕಂದ್ರೆ ಕೆಜಿಡಿಬಿ, 2008ರ 2.6.26 ಕರ್ನಲ್‌ನಿಂದ ಮೇನ್‌ಲೈನ್‌ನಲ್ಲೇ ಇದೆ, ಸೀರಿಯಲ್ ಮೇಲೆ ನಡೆಯತ್ತೆ. ಸೀರಿಯಲ್ ಡ್ರೈವರ್ ಏಳೋಕೆ ಮುಂಚಿನ ಬಗ್‌ಗೆ ಜೆಟ್ಯಾಗ್ ಒಂದು ದಾರಿ.

ಆಂಡ್ರಾಯ್ಡ್ ನೇಟಿವ್ ಕೋಡ್ ಬರೆಯೋರು, ಮ್ಯಾಕ್, ಐಫೋನ್ ಕಡೆಯವರು ಎಲ್‌ಎಲ್‌ಡಿಬಿ ಅನ್ನೋ ಇನ್ನೊಂದು ಡಿಬಗರ್‌ಗೆ ಹೋಗಿ, ಎನ್‌ಡಿಕೆಯಿಂದ (ಆಂಡ್ರಾಯ್ಡ್‌ನ ನೇಟಿವ್ ಕೋಡ್ ಟೂಲ್‌ಗಳ ಕಟ್ಟು) ಜಿಡಿಬಿನ ತೆಗೆದೂ ಆಯ್ತು. ಎಲ್‌ಎಲ್‌ಡಿಬಿ ಸರ್ವರ್‌ನ ಪ್ಲ್ಯಾಟ್‌ಫಾರ್ಮ್ ಮೋಡ್ ಎಕ್ಸ್‌ಟೆಂಡೆಡ್ ರಿಮೋಟ್‌ನ ಥರಾನೇ ಕೆಲಸ ಮಾಡತ್ತೆ, ಅದರ ಜೊತೆ ನಿಮ್ಮ ಬೈನರಿನ ತಾನೇ ಟಾರ್ಗೆಟ್‌ಗೆ ಕಾಪಿ ಮಾಡಿ ಓಡಿಸತ್ತೆ.

ನಿಲ್ಲಿಸೋ ಹಾಗೇ ಇಲ್ಲ ಅಂದ್ರೆ

ಲೈವ್‌ನಲ್ಲಿ ಗ್ರಾಹಕರ ಟ್ರಾಫಿಕ್ ಹೊರ್ತಿರೋ ಪ್ರೋಗ್ರಾಂಗೆ ಅಟ್ಯಾಚ್ ಆದ ಕ್ಷಣ ಅದರ ಎಲ್ಲಾ ಥ್ರೆಡ್ ನಿಲ್ಲತ್ತೆ, ಹಾರ್ಟ್‌ಬೀಟ್ ಹೋಗಲ್ಲ, ಆ ಕಡೆ ಸರ್ವರ್ ಇದು ಸತ್ತಿದೆ ಅಂತ ತೀರ್ಮಾನಿಸತ್ತೆ. ಕನೆಕ್ಟ್ ಆಗೋಕೆ ಮುಂಚೆ ಸೆಟ್ ನಾನ್-ಸ್ಟಾಪ್ ಆನ್ ಮಾಡಿದ್ರೆ ಬ್ರೇಕ್‌ಪಾಯಿಂಟ್‌ಗೆ ಬಿದ್ದ ಥ್ರೆಡ್ ಮಾತ್ರ ನಿಲ್ಲತ್ತೆ, ಉಳಿದವು ಓಡ್ತಿರತ್ತೆ, ಒಂದಿಷ್ಟು ಸಂದರ್ಭಕ್ಕೆ ಇದು ಸಾಕು. ಬರೀ ಎಲ್ಲಿ ಸಿಕ್ಕಾಕೊಂಡಿದೆ ಅಂತ ನೋಡೋದಾದ್ರೆ ಬ್ಯಾಚ್ ಮೋಡ್‌ನಲ್ಲಿ ಅಟ್ಯಾಚ್ ಆಗಿ ಥ್ರೆಡ್ ಅಪ್ಲೈ ಆಲ್ ಬಿಟಿ ತಗೊಂಡು ತಕ್ಷಣ ಬಿಟ್ಟುಬಿಡಿ.

ಅದೂ ಬೇಡ ಅಂದ್ರೆ ಕೋರ್ ಡಂಪ್ (ಕ್ರ್ಯಾಶ್ ಆದ ಕ್ಷಣದ ಮೆಮೊರಿಯನ್ನ ಬರೆದಿಟ್ಟ ಫೈಲ್), ಮತ್ತೆ ಪ್ರಾಡಕ್ಷನ್‌ಗೆ ನಾನು ಮೊದಲ ಸ್ಥಾನ ಕೊಡೋದು ಇದಕ್ಕೇ. ಕನೆಕ್ಷನ್ನೇ ಬೇಡ, ಪೋರ್ಟ್ ಬೇಡ, ಬೋರ್ಡ್‌ನಲ್ಲಿ ಜಿಡಿಬಿ ಸರ್ವರ್ ಕೂಡ ಬೇಡ. ಯುಲಿಮಿಟ್‌ನಲ್ಲಿ ಕೋರ್ ಸೈಜ್ ಅನ್‌ಲಿಮಿಟೆಡ್ ಮಾಡಿ, ಕೋರ್ ಪ್ಯಾಟರ್ನ್‌ನ ಜಾಗ ಇರೋ ಪಾರ್ಟಿಷನ್‌ಗೆ ತಿರುಗಿಸಿ, ಕ್ರ್ಯಾಶ್ ಆದಾಗ ಬಂದ ಫೈಲ್‌ನ ಲ್ಯಾಪ್‌ಟಾಪ್‌ಗೆ ತಂದು ಅದೇ ಸಿಸ್‌ರೂಟ್ ಸೆಟ್ಟಿಂಗ್ ಜೊತೆ ಜಿಡಿಬಿಯಲ್ಲಿ ತೆಗೀರಿ. ಸ್ಟೆಪ್ ಹಾಕೋಕೆ ಆಗಲ್ಲ, ಆದ್ರೆ ಕ್ರ್ಯಾಶ್ ಆದ ಕ್ಷಣದ ಎಲ್ಲಾ ಥ್ರೆಡ್, ಎಲ್ಲಾ ವೇರಿಯೇಬಲ್ ಕೈಯಲ್ಲಿರತ್ತೆ, ತಿಂಗಳಿಗೊಮ್ಮೆ ಬರೋ ಬಗ್‌ಗೆ ಬೋರ್ಡ್ ಮುಂದೆ ಕಾಯ್ತಾ ಕೂರೋಕಾಗಲ್ಲವಲ್ಲ. ಇದಕ್ಕೆ ಬೇಕಾಗಿರೋ ಒಂದೇ ಶಿಸ್ತು, ಪ್ರತೀ ರಿಲೀಸ್‌ನ ಸ್ಟ್ರಿಪ್ ಮಾಡದ ಬೈನರಿ ಮತ್ತೆ ಲೈಬ್ರರಿಗಳನ್ನ ಅವುಗಳ ಬಿಲ್ಡ್ ಐಡಿ ಜೊತೆ ಎತ್ತಿಡೋದು. ರೀಡ್‌ಎಲ್ಫ್‌ಗೆ ಚಿಕ್ಕಕ್ಷರದ ಎನ್ ಆಪ್ಷನ್ ಕೊಟ್ರೆ ಆ ಐಡಿ ಕಾಣತ್ತೆ, ಬೋರ್ಡ್ ಮೇಲಿರೋದರ ಐಡಿ ಮತ್ತೆ ನಿಮ್ಮ ಹತ್ರ ಇರೋದರ ಐಡಿ ಒಂದೇ ಇರ್ಬೇಕು. ಅದೇ ಸೋರ್ಸ್‌ನಿಂದ ಇವತ್ತು ಮತ್ತೆ ಬಿಲ್ಡ್ ಮಾಡ್ಕೊಂಡ್ರೆ ಆಯ್ತಲ್ಲ ಅನ್ಬೇಡಿ, ಕಂಪೈಲರ್ ವರ್ಷನ್ನೋ ಫ್ಲ್ಯಾಗೋ ಒಂಚೂರು ಬದಲಾಗಿದ್ರೂ ಅಡ್ರೆಸ್ ಜರುಗಿ ಬ್ಯಾಕ್‌ಟ್ರೇಸ್‌ನಲ್ಲಿ ಸಂಬಂಧವೇ ಇಲ್ಲದ ಫಂಕ್ಷನ್ ಹೆಸರು ಬರತ್ತೆ, ಅದೂ ನಂಬೋ ಹಾಗೇ ಇರತ್ತೆ.